ಬೀಜ ಕೂರುತ್ತದೆ, ನಿಲ್ಲುವುದಿಲ್ಲ: ಎರಡು ಬಂಡೆಗಳ ಪಚ್ಚಿಲೆ ಪ್ರಕರಣ

ಒಂದು ಪತ್ರಕ್ಕೆ ಸಹಿ ಹಾಕುವುದಷ್ಟೇ ಬಾಕಿ ಇತ್ತು. ಉಡುಪಿ ಕಡೆಯ ಒಂದು ಕಡಲತೀರದ ಊರಿನ ಯುವಕ ಮಂಡಲದವರು ಕಾಲೇಜಿಗೆ ಬಂದಿದ್ದರು. ಅವರ ತಲೆಬಿಸಿ ಪಚ್ಚಿಲೆಯದು, ಅಂದರೆ ಕಡಲಬಂಡೆಗೆ ಅಂಟಿ ಬೆಳೆಯುವ, ಜನ ಕಿತ್ತು ತಿನ್ನುವ ಚಿಪ್ಪುಜೀವಿ, ಇಂಗ್ಲಿಷಿನ ಮಸ್ಸೆಲ್. 'ನಮ್ಮೂರ ಬಂಡೆಯಲ್ಲಿ ಪಚ್ಚಿಲೆ ಇಲ್ಲದಿರುವುದಕ್ಕೆ ಮಿತಿಮೀರಿ ಕೀಳುವುದೇ ಕಾರಣ' ಎಂದು ಪ್ರಾಣಿಶಾಸ್ತ್ರ ವಿಭಾಗದಿಂದ ಬರೆದುಕೊಡಬೇಕು. ಅದನ್ನು ಹಿಡಿದುಕೊಂಡು ಪಂಚಾಯತ್‌ಗೆ ಹೋಗಿ, ಹೊರಗಿನವರು ಪಚ್ಚಿಲೆ ಕೀಳಬಾರದೆಂದು ಬೋರ್ಡ್ ಹಾಕಿಸುವುದು ಅವರ ಯೋಚನೆ. ನನ್ನ ಮೇಜಿನ ಮೇಲೆ ನಮ್ಮ ಇಬ್ಬರು ವಿದ್ಯಾರ್ಥಿಗಳು ಮಾಡಿದ ಸರ್ವೆ ಇತ್ತು. ಅದೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿತ್ತು. ಆದರೂ ಸಹಿ ಹಾಕಲಿಲ್ಲ. ಅದಕ್ಕೆ ನನ್ನ ಬುದ್ಧಿವಂತಿಕೆ ಕಾರಣ ಅಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಆಮೇಲಿನ ಎರಡು ವರ್ಷದ ಕಥೆ ಇದು. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಕಾಪು ದೀಪಸ್ತಂಭದ ಬಂಡೆ ಇದಲ್ಲ, ಅಷ್ಟು ಹೇಳಬಲ್ಲೆ.

ಎರಡು ಬಂಡೆ

ಒಂದು ಬಂಡೆ ಕಡಲಿಗೆ ಮೂಗು ಚಾಚಿ ನಿಂತದ್ದು. ಮೇಲೊಂದು ಪುಟ್ಟ ಗುಡಿ ಇದೆ. ಬುಡದಲ್ಲೇ ನೀರು ಆಳ. ಇದನ್ನು ಗುಡಿಬಂಡೆ ಅನ್ನೋಣ. ಇನ್ನೊಂದು ಅಲ್ಲಿಂದ ಕೆಲವು ಕಿಲೋಮೀಟರ್ ದೂರ, ಹೊಳೆ ಕಡಲು ಸೇರುವ ಅಳಿವೆಯ ಪಕ್ಕ, ಮರಳಿನ ನಡುವೆ. ಇದು ಅಳಿವೆಬಂಡೆ. ಯುವಕ ಮಂಡಲದವರ ತಕರಾರು ಈ ಎರಡನೆಯದರ ಬಗ್ಗೆ.

ಇಳಿತದ ಹೊತ್ತಿಗೆ ಗುಡಿಬಂಡೆಗೆ ಹೋದರೆ ಜೀವಗಳು ಪಟ್ಟಿ ಪಟ್ಟಿಯಾಗಿ ಕಾಣುತ್ತವೆ. ಎಲ್ಲಕ್ಕಿಂತ ಮೇಲೆ, ತೆರೆಯ ತುಂತುರು ಮಾತ್ರ ತಾಗುವಲ್ಲಿ, ಕಾಳಿನಷ್ಟೇ ದೊಡ್ಡ ಬಸವನಹುಳುಗಳು ಬಿರುಕಿನಲ್ಲಿ ಸಾಲಾಗಿ ಅಂಟಿಕೊಂಡಿರುತ್ತವೆ. ಅದರ ಕೆಳಗೆ ಸುಣ್ಣ ಎರಚಿದಂತೆ ಬಾರ್ನಕಲ್, ಕಲ್ಲಿಗೆ ಅಂಟಿ ಕೂತ ಚೂಪು ಚಿಪ್ಪಿನ ಸಣ್ಣ ಜೀವಿ. ಬಂಡೆ ಮೇಲೆ ಬರಿಗಾಲಲ್ಲಿ ನಡೆದವರಿಗೆ ಇದರ ಪರಿಚಯ ಮಾಡಿಕೊಡುವುದು ಬೇಡ. ಮತ್ತೂ ಕೆಳಗೆ ಗಾರೆ ಹಾಕಿ ಕೂರಿಸಿದಂತಿರುವ ಸಿಂಪಿ, ನಡುನಡುವೆ ಟೋಪಿ ಆಕಾರದ ಲಿಂಪೆಟ್. ಬುಡದಲ್ಲಿ ಹಸಿರು ಅಂಚಿನ ಪಚ್ಚಿಲೆ, ಒಂದರ ಮೈಗೆ ಇನ್ನೊಂದು ಒತ್ತಿಕೊಂಡು.

ಇಷ್ಟೆಲ್ಲ ಒಬ್ಬ ಮನುಷ್ಯನ ಎತ್ತರದೊಳಗೆ ಮುಗಿಯುತ್ತದೆ. ಮಂಗಳೂರು-ಉಡುಪಿ ಕಡೆ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತದಲ್ಲೂ ನೀರಿನ ಏರಿಳಿತ ಎರಡು ಮೀಟರ್ ಮುಟ್ಟುವುದಿಲ್ಲ. ಮುಂಬೈಯಲ್ಲಿ ನಾಲ್ಕು ಮೀಟರ್ ದಾಟುತ್ತದೆ. ಅಲ್ಲಿನ ಬಂಡೆಯಲ್ಲಿ ಪಟ್ಟಿಗಳಿಗೆ ಧಾರಾಳ ಜಾಗ. ನಮ್ಮಲ್ಲಿ ಒಂದು ಗೇಣು ಮೇಲೆ ಕೆಳಗೆ ಆದರೆ ಪಟ್ಟಿಯೇ ಬದಲಾಗುತ್ತದೆ. ಈ ಗೇಣಿನ ಲೆಕ್ಕವೇ ಮುಂದೆ ನಮ್ಮನ್ನು ಹಿಡಿದು ಹಾಕಿತು.

ಪಟ್ಟಿಗಳು ಯಾಕೆ ಎನ್ನುವುದಕ್ಕೆ ಪಾಠದಲ್ಲಿ ಒಂದು ಸಿದ್ಧ ಉತ್ತರ ಇದೆ. ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ ಸ್ಕಾಟ್ಲೆಂಡಿನ ಬಂಡೆಗಳಲ್ಲಿ ಎರಡು ಜಾತಿ ಬಾರ್ನಕಲ್ ಇಟ್ಟುಕೊಂಡು ಮಾಡಿದ ಪ್ರಯೋಗ 1961ರಲ್ಲಿ ಪ್ರಕಟವಾಯಿತು. ಮೇಲಿನ ಗಡಿಯನ್ನು ಬಿಸಿಲು, ಒಣಗುವಿಕೆ ನಿರ್ಧರಿಸುತ್ತವೆ. ಕೆಳಗಿನ ಗಡಿಯನ್ನು ಬೇರೆ ಜೀವಿಗಳು, ಅಂದರೆ ಜಾಗಕ್ಕೆ ಪೈಪೋಟಿ ಮಾಡುವವು, ತಿನ್ನುವವು ನಿರ್ಧರಿಸುತ್ತವೆ. 1966ರಲ್ಲಿ ರಾಬರ್ಟ್ ಪೇನ್ ಅಮೆರಿಕದ ವಾಷಿಂಗ್ಟನ್ ಕರಾವಳಿಯ ಬಂಡೆಯಿಂದ ನಕ್ಷತ್ರಮೀನುಗಳನ್ನು ಕಿತ್ತು ಎಸೆದ ಪ್ರಯೋಗವನ್ನು ಪ್ರಕಟಿಸಿದರು. ತಿನ್ನುವವನಿಲ್ಲದ ಮೇಲೆ ಅಲ್ಲಿನ ಮಸ್ಸೆಲ್ ಉಳಿದವರ ಜಾಗವನ್ನೆಲ್ಲ ಹಿಡಿಯತೊಡಗಿತು. ನಾನು ಇದನ್ನು ಎಷ್ಟೋ ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಹಾಗಾಗಿ ಬಂಡೆಯ ಬುಡದಲ್ಲಿ ಪಚ್ಚಿಲೆ ಇಲ್ಲ ಅಂದ ಕೂಡಲೇ, ಯಾರೋ ತಿಂದಿದ್ದಾರೆ ಎಂದೇ ತಲೆಗೆ ಹೊಳೆಯುವುದು. ಇಲ್ಲಿ ತಿನ್ನುವವರು ಮನುಷ್ಯರು, ಅಷ್ಟೇ ವ್ಯತ್ಯಾಸ.

ಸಹಿ ನಿಂತದ್ದು ಹೇಗೆ

ಸರ್ವೆ ನಡೆದದ್ದು ಜನವರಿಯಲ್ಲಿ. ಕಡಲು ಶಾಂತ, ಬಿಸಿಲು ಹಿತ, ಪರೀಕ್ಷೆ ದೂರ. ಬಂಡೆಯ ಬುಡದಿಂದ ಮೇಲಕ್ಕೆ ಹಗ್ಗ ಹಿಡಿದು, ಚೌಕಟ್ಟು ಇಟ್ಟು, ಒಳಗೆ ಏನೇನು ಇದೆ ಅಂತ ಎಣಿಸುವುದು. ಗುಡಿಬಂಡೆಯ ಬುಡದಲ್ಲಿ ಪಚ್ಚಿಲೆ ತುಂಬಿತ್ತು. ಅಳಿವೆಬಂಡೆಯ ಬುಡದಲ್ಲಿ ಬರೀ ಸಿಂಪಿ, ಬಾರ್ನಕಲ್. ಜೊತೆಗೆ ಕಬ್ಬಿಣದಿಂದ ಕೆರೆದ ಗೀರುಗಳು. ಗೀರುಗಳ ಫೋಟೋ ನೋಡಿದವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನನಗೂ.

ವಿದ್ಯಾರ್ಥಿಗಳಲ್ಲಿ ಒಬ್ಬಳ ಮನೆ ಆ ಊರಿನ ಹತ್ತಿರವೇ. ಅವಳು, "ಸರ್, ಅಲ್ಲಿ ಪಚ್ಚಿಲೆ ತೆಗೆಯುವ ಅಕ್ಕ ಒಬ್ಬರು ಇದ್ದಾರೆ. ಅವರನ್ನು ಒಮ್ಮೆ ಕೇಳಿದರೆ?" ಅಂದಳು. ಆರೋಪಿಯನ್ನೇ ಕೇಳುವುದಾ ಅಂತ ನನಗೆ ಅನಿಸಿದ್ದು ನಿಜ. ಆದರೂ ಹೋದೆವು. ಆಕೆ ಮನೆ ಜಗಲಿಯಲ್ಲಿ ಕೂತು ಮರುವಾಯಿ ಚಿಪ್ಪು ಬಿಡಿಸುತ್ತಿದ್ದರು. ಅಳಿವೆಬಂಡೆಯ ಪಚ್ಚಿಲೆ ಬಗ್ಗೆ ಕೇಳಿದೆ. ಅವರು ತಲೆ ಎತ್ತಲಿಲ್ಲ.

"ಅಲ್ಲಿ ಬೀಜ ಕೂತ್ಕೊಳ್ತದೆ ಮಾಸ್ಟ್ರೇ, ನಿಲ್ಲುದಿಲ್ಲ."

"ಯಾಕೆ ನಿಲ್ಲುವುದಿಲ್ಲ?"

"ಜನವರಿಯಲ್ಲಿ ಬಂದು ಕೇಳಿದ್ರೆ ಎಂತ ಹೇಳುದು? ಮಳೆ ಬಿಟ್ಟ ಕೂಡ್ಲೇ ಬನ್ನಿ, ಕಾಣ್ತದೆ."

ಅಷ್ಟೇ. ಆ ಒಂದು ವಾಕ್ಯಕ್ಕೆ ಪತ್ರ ನಿಂತಿತು. ಬೀಜ ಅಂದರೆ ಕಲ್ಲಿಗೆ ಆಗಷ್ಟೇ ಅಂಟಿದ ಪಚ್ಚಿಲೆಯ ಎಳೆ ಮರಿ. ಬೀಜ ಬರುವುದೇ ಇಲ್ಲ ಅನ್ನುವುದು ಒಂದು. ಬಂದ ಬೀಜವನ್ನು ಜನ ಕೀಳುತ್ತಾರೆ ಅನ್ನುವುದು ಇನ್ನೊಂದು. ಬಂದದ್ದು ತಾನಾಗಿ ಉಳಿಯುವುದಿಲ್ಲ ಅನ್ನುವುದು ಮೂರನೆಯದು. ನಮ್ಮ ಸರ್ವೆಯಲ್ಲಿ ಈ ಮೂರನ್ನು ಬೇರೆ ಮಾಡಿ ನೋಡುವ ದಾರಿಯೇ ಇರಲಿಲ್ಲ. ಮಂಡಲದವರಿಗೆ ಒಂದು ಮಳೆಗಾಲ ಕಳೆಯಲಿ ಅಂದೆ. ಅವರ ಮುಖ ಸಣ್ಣದಾಯಿತು.

ಒಂದಾದ ಮೇಲೆ ಒಂದು ತಪ್ಪು ಉತ್ತರ

ಮಳೆಗಾಲದ ತನಕ ಸುಮ್ನೆ ಕೂರುವುದು ಯಾಕೆ ಅಂತ ಫೆಬ್ರವರಿಯಲ್ಲಿ ಒಂದು ಪ್ರಯೋಗ ಮಾಡಿದೆವು. ಗುಡಿಬಂಡೆಯಿಂದ ಅರ್ಧ ಬಕೆಟ್ ಪಚ್ಚಿಲೆ ತಂದು ಅಳಿವೆಬಂಡೆಯ ಬುಡದಲ್ಲಿ ಹತ್ತಿಯ ಬಲೆಬಟ್ಟೆಯಿಂದ ಕಟ್ಟಿದೆವು. ಹಿನ್ನೀರಿನಲ್ಲಿ ಹಗ್ಗಕ್ಕೆ ಪಚ್ಚಿಲೆ ಕೃಷಿ ಮಾಡುವವರ ಉಪಾಯ ಇದು. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಪಚ್ಚಿಲೆ ತನ್ನ ನೂಲು ಬಿಟ್ಟು ಅಂಟಿಕೊಂಡಿರುತ್ತದೆ. ಇಲ್ಲೂ ಅಂಟಿಕೊಂಡಿತು. ಏಪ್ರಿಲ್‌ನಲ್ಲಿ, ನಡು ಮಧ್ಯಾಹ್ನಕ್ಕೆ ಇಳಿತ ಬಿದ್ದ ದಿನಗಳಲ್ಲಿ, ಎಲ್ಲ ಬಾಯ್ದೆರೆದು ಸತ್ತವು. ಬಂಡೆಯ ಮೈ ಮುಟ್ಟಲು ಆಗುತ್ತಿರಲಿಲ್ಲ. ಥರ್ಮಾಮೀಟರ್ 45 ಡಿಗ್ರಿ ದಾಟಿ ತೋರಿಸುತ್ತಿತ್ತು. ಗುಡಿಬಂಡೆಯ ಪಚ್ಚಿಲೆ ಮಾತ್ರ ಆರಾಮಾಗಿತ್ತು.

ಅಳಿವೆಬಂಡೆ ಯಾಕೋ ಹೆಚ್ಚು ಬಿಸಿಯಾಗುತ್ತದೆ ಎಂದು ಬರೆದುಕೊಂಡೆವು. ಕಲ್ಲಿನ ಬಣ್ಣ ಇರಬಹುದು, ತೆರೆ ಕಡಿಮೆ ಇರಬಹುದು. ಕಾರಣ ಹುಡುಕಿದರೆ ಸಿಗದೆ ಎಲ್ಲಿ ಹೋಗುತ್ತದೆ!

ಜೂನ್ ಬಂತು. ಯಾಂತ್ರಿಕ ಬೋಟುಗಳಿಗೆ ಎರಡು ತಿಂಗಳ ರಜೆ, ಕಡಲಿನ ಹತ್ತಿರ ಹೋಗಬೇಡಿ ಎಂದು ದಿನಾ ಎಚ್ಚರಿಕೆ. ಇನ್ನೊಬ್ಬ ವಿದ್ಯಾರ್ಥಿಗೆ ಬಂಡೆ ಮೇಲೆ ಹೋಗಿ ಅಳತೆ ಮಾಡಲೇಬೇಕೆಂಬ ಹಟ. ನಾನು ಬಿಡಲಿಲ್ಲ. ಆ ಮಳೆಗಾಲದ ಅಂಕಿಅಂಶ ಪೂರ್ತಿ ಹೋಯಿತು. ಗುಡಿಬಂಡೆಗೆ ಎಂ-ಸೀಲ್ ಮೆತ್ತಿ ಕೂರಿಸಿದ್ದ ತಾಪ ದಾಖಲಿಸುವ ಯಂತ್ರ ಜುಲೈಯಲ್ಲಿ ಕಡಲಪಾಲಾಯಿತು. ಯಂತ್ರ ಹೋದದ್ದಕ್ಕೆ ಬೇಸರ ಇದೆ. ಹುಡುಗನನ್ನು ತಡೆದದ್ದಕ್ಕೆ ಇಲ್ಲ.

ದಡದಲ್ಲೇ ನಿಂತು ಮಾಡಬಹುದಾದ ಒಂದು ಕೆಲಸ ಇತ್ತು. ಹಗ್ಗ ಕಟ್ಟಿದ ಬಕೆಟ್ ಎಸೆದು ನೀರು ಎಳೆದು ಉಪ್ಪಿನಂಶ ನೋಡುವುದು. ಬೇಸಿಗೆಯಲ್ಲಿ ಎರಡೂ ಕಡೆ ಸಾವಿರಕ್ಕೆ 34-35 ಇದ್ದದ್ದು, ಆಟಿ ತಿಂಗಳ (ಜುಲೈ-ಆಗಸ್ಟ್) ಜೋರು ಮಳೆಯ ಮರುದಿನ ಅಳಿವೆಬಂಡೆಯ ಬಳಿ 5 ಕೂಡ ಇರಲಿಲ್ಲ. ಹೊಳೆಯ ಕೆಂಪು ನೀರು ಕಡಲೊಳಗೆ ಗೆರೆ ಎಳೆದಂತೆ ಕಾಣುತ್ತಿತ್ತು. ಆ ದಿನ ನೋಟ್‌ಬುಕ್‌ನಲ್ಲಿ ನಾನೇ ಬರೆದ ಸಾಲು: 'ಕಾರಣ ಸಿಹಿನೀರು. ಪ್ರಕರಣ ಮುಗಿಯಿತು.' ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ.

ಸೆಪ್ಟೆಂಬರ್ ಕೊನೆಗೆ ಹೋದೆವು. ನನಗೆ ಮೊದಲು ಅನಿಸಿದ್ದು, ಬೇರೆ ಜಾಗಕ್ಕೆ ಬಂದೆವಾ ಅಂತ. ಜನವರಿಯಲ್ಲಿ ನನ್ನ ಎದೆಯೆತ್ತರ ಇದ್ದ ಬಂಡೆ ಈಗ ತಲೆಯಿಂದ ಮೇಲೆ ಹೋಗಿತ್ತು. ಸುತ್ತಲಿನ ಮರಳನ್ನು ಮಳೆಗಾಲದ ತೆರೆಗಳು ಹೊತ್ತುಕೊಂಡು ಹೋಗಿದ್ದವು. ನಾವು ಈವರೆಗೆ ನೋಡಿಯೇ ಇರದ ಬಂಡೆಯ ಕಾಲು ಹೊರಗೆ ಬಂದಿತ್ತು. ಆ ಕಾಲಿನ ತುಂಬ ಪಚ್ಚಿಲೆ ಬೀಜ. ಹತ್ತಿರ ಹೋಗಿ ಬಗ್ಗಿದರೆ ಕಲ್ಲು ಹಸಿರು-ಕಂದು ಬಣ್ಣಕ್ಕೆ ಹೊಳೆಯುತ್ತಿತ್ತು. ಒಂದೊಂದೂ ಅಕ್ಕಿಕಾಳಿನಿಂದ ಕಿರುಬೆರಳ ಉಗುರಿನವರೆಗೆ. ಬೆರಳು ಆಡಿಸಿದರೆ ಒರಟು ಬಟ್ಟೆ ಮುಟ್ಟಿದಂತೆ.

ಸಿಹಿನೀರಿನ ಉತ್ತರ ಅಲ್ಲಿಗೆ ಬಿತ್ತು. ಜೋರು ಮಳೆಯ ದಿನಗಳಲ್ಲಿ ಪಚ್ಚಿಲೆಗೆ ಕಷ್ಟ ನಿಜ. ಆದರೆ ಅದು ಚಿಪ್ಪು ಮುಚ್ಚಿಕೊಂಡು ಕೆಲವು ದಿನ ಕಾಯಬಲ್ಲದು. ಅದಕ್ಕಿಂತ ಮುಖ್ಯ, ಬೀಜ ಕೂರುವ ಹೊತ್ತಿಗೆ ಹೊಳೆಯ ಅಬ್ಬರ ಇಳಿದಿರುತ್ತದೆ. ಹೊರಗಿನ ಕಡಲಿನಲ್ಲಿ ಆಗ ಬೇರೆಯೇ ಒಂದು ಕೆಲಸ ನಡೆದಿರುತ್ತದೆ. ಮಳೆಗಾಲದ ಗಾಳಿ, ದಕ್ಷಿಣಕ್ಕೆ ಹರಿಯುವ ಪ್ರವಾಹ ಸೇರಿ ಕೇರಳದಿಂದ ನಮ್ಮ ಕಡೆಯವರೆಗೆ ತಳದ ತಂಪು ನೀರನ್ನು ಮೇಲಕ್ಕೆ ಎಬ್ಬಿಸುತ್ತವೆ. ಏಪ್ರಿಲ್-ಮೇಯಲ್ಲಿ 30 ಡಿಗ್ರಿ ದಾಟುವ ನೀರು ಆಗಸ್ಟ್‌ನಲ್ಲಿ 27ರ ಆಸುಪಾಸಿಗೆ ಬರುತ್ತದೆ. ತಳದ ಗೊಬ್ಬರ ಮೇಲೆ ಬಂದು ನೀರು ಸೂಕ್ಷ್ಮ ಸಸ್ಯಗಳಿಂದ ತುಂಬುತ್ತದೆ. ಬೂತಾಯಿ, ಬಂಗುಡೆಯ ಹೊಟ್ಟೆ ತುಂಬುವುದೂ ಇದರಿಂದಲೇ. ಪಚ್ಚಿಲೆಯ ಮರಿಗಳು ಈ ನೀರಿನಲ್ಲಿ ಎರಡು ಮೂರು ವಾರ ತೇಲಾಡಿಕೊಂಡು, ತಿಂದುಕೊಂಡು, ಆಮೇಲೆ ಸಿಕ್ಕಿದ ಕಲ್ಲಿಗೆ ಅಂಟುತ್ತವೆ. ಅಷ್ಟು ದಿನ ತೇಲಿದ ಮರಿ ಯಾವ ಬಂಡೆಯ ಪಚ್ಚಿಲೆಯದ್ದು ಅಂತ ಯಾರೂ ಹೇಳಲಾಗದು. ಅಳಿವೆಬಂಡೆಯಲ್ಲಿ ತಾಯಿ ಇಲ್ಲದಿದ್ದರೂ ಬೀಜಕ್ಕೆ ಬರ ಇಲ್ಲ. ಅಕ್ಕ ಹೇಳಿದ ಮೊದಲ ಅರ್ಧ ನಿಜವಾಯಿತು.

ಎರಡನೇ ಅರ್ಧ

ಆ ದಿನವೇ ಒಂದು ಕೆಲಸ ಮಾಡಿದೆವು. ಮೊದಲ ಜನವರಿಯಲ್ಲೇ ಮಾಡಬೇಕಿತ್ತು. ಎರಡೂ ಬಂಡೆಗಳ ಮೇಲ್ಭಾಗದಲ್ಲಿ ತೂತು ಕೊರೆದು ಒಂದೊಂದು ಸ್ಟೀಲ್ ಬೋಲ್ಟ್ ಕೂರಿಸಿದೆವು. ಇನ್ನು ಮುಂದೆ ಎಲ್ಲ ಎತ್ತರದ ಅಳತೆ ಬೋಲ್ಟಿನಿಂದ ಕೆಳಕ್ಕೆ. ಎರಡು ಬೋಲ್ಟುಗಳನ್ನು ಹೋಲಿಸಲು ಕಡಲೇ ಮಟ್ಟಗೋಲು. ಕಡಲು ಶಾಂತ ಇದ್ದ ದಿನಗಳಲ್ಲಿ ಎರಡು ತಂಡ ಮಾಡಿ, ಭರತದ ಒಂದೇ ಹೊತ್ತಿಗೆ ತೆರೆಯಿಲ್ಲದ ಕೊರಕಲಿನಲ್ಲಿ ನೀರು ಎಲ್ಲಿದೆ ಅಂತ ಗುರುತು ಮಾಡಿ, ಮೇಸ್ತ್ರಿಗಳು ಲೆವೆಲ್ ನೋಡುವ ನೀರಿನ ಪೈಪ್ ಹಿಡಿದು ಬೋಲ್ಟಿಗೆ ತಾಳೆ ಹಾಕಿದೆವು. ಪೈಪ್ ಒಬ್ಬ ವಿದ್ಯಾರ್ಥಿಯ ಮಾವನದ್ದು. ಎರಡು ದಿನಕ್ಕೆ ಅಂತ ತಂದದ್ದು ಇನ್ನೂ ನಮ್ಮ ಲ್ಯಾಬಿನಲ್ಲೇ ಇದೆ.

ಲೆಕ್ಕ ಹಾಕಿ ನೋಡಿದರೆ ನಾಚಿಕೆ ಆಗಬೇಕು. ಜನವರಿಯಲ್ಲಿ ನಾವು ಅಳಿವೆಬಂಡೆಯ 'ಬುಡ' ಎಂದು ಬರೆದ ಜಾಗ, ಕಡಲಮಟ್ಟದಿಂದ ನೋಡಿದರೆ, ಗುಡಿಬಂಡೆಯ ಸಿಂಪಿ ಪಟ್ಟಿಯ ಎತ್ತರದಲ್ಲಿತ್ತು. ಅಂದರೆ ಪಚ್ಚಿಲೆ ಎಲ್ಲೂ ಬದುಕದ ಎತ್ತರ. ನಾವು ಬುಡ ಅಂದುಕೊಂಡದ್ದು ಬಂಡೆಯ ಸೊಂಟ. ಅರ್ಧ ಬಂಡೆ ಮರಳಿನೊಳಗೆ ಇತ್ತು. ಏಪ್ರಿಲ್‌ನಲ್ಲಿ ಪಚ್ಚಿಲೆ ಸತ್ತದ್ದಕ್ಕೆ ಕಲ್ಲಿನ ಬಣ್ಣ ಕಾರಣ ಅಲ್ಲ. ನಾವೇ ಅದನ್ನು ಬಿಸಿಲಿಗೆ ಕಟ್ಟಿದ್ದೆವು. ಮರಳಿನಿಂದ ಮೇಲಕ್ಕೆ ಅಳೆದ ಹಾಳೆಗಳೆಲ್ಲ ಆ ಸಂಜೆ ರದ್ದಿಗೆ ಹೋದವು.

ಆಮೇಲೆ ಹದಿನೈದು ದಿನಕ್ಕೊಮ್ಮೆ ಹೋದೆವು. ಅಕ್ಟೋಬರ್‌ನಲ್ಲಿ ಅಕ್ಕ ಬಂಡೆಯ ಕಾಲಿನಲ್ಲಿ ಕೂತು ಕಬ್ಬಿಣದ ಪಟ್ಟಿಯಿಂದ ಬೀಜ ಕೆರೆಯುತ್ತಿದ್ದರು. ಹಿನ್ನೀರಿನ ಹಗ್ಗದ ಕೃಷಿಯವರಿಗೆ ಮಾರಲು. ನಮ್ಮ ಫೋಟೋದ ಗೀರುಗಳು ಎಲ್ಲಿಂದ ಬಂದವು ಅಂತ ಆಗ ಗೊತ್ತಾಯಿತು. ನವೆಂಬರ್ ದಾಟುತ್ತಿದ್ದಂತೆ ಬೋಲ್ಟಿನಿಂದ ಮರಳಿಗೆ ಇರುವ ದೂರ ಕಡಿಮೆ ಆಗತೊಡಗಿತು. ಮಳೆಗಾಲದ ಎತ್ತರದ, ಒತ್ತೊತ್ತಾದ ತೆರೆಗಳು ದಡದ ಮರಳನ್ನು ಹೊರಗೆ ಎಳೆಯುತ್ತವೆ. ಕಡಲು ತಣ್ಣಗಾದ ಮೇಲೆ ಬರುವ ಸಣ್ಣ, ಉದ್ದನೆಯ ತೆರೆಗಳು ಅದನ್ನೇ ನಿಧಾನಕ್ಕೆ ವಾಪಸ್ ತಂದು ಹಾಕುತ್ತವೆ. ಕರಾವಳಿಯಲ್ಲಿ ಕಡಲ್ಕೊರೆತದ ಸುದ್ದಿ ಓದುವ ಎಲ್ಲರಿಗೂ ಮೊದಲ ಅರ್ಧ ಗೊತ್ತು. ಎರಡನೆಯದು ಪೇಪರಿನಲ್ಲಿ ಬರುವುದಿಲ್ಲ.

ಡಿಸೆಂಬರ್‌ನ ಒಂದು ಬೆಳಿಗ್ಗೆ ಬಂಡೆಯ ಬದಿಯಲ್ಲಿ ಕೈಯಿಂದಲೇ ಮರಳು ಬಗೆದೆವು. ಮೊಣಕೈ ಮುಳುಗುವಷ್ಟು ಹೋದ ಮೇಲೆ ಮರಳಿನ ಬಣ್ಣ ಕಪ್ಪಾಯಿತು, ಕೊಳೆತ ಮೊಟ್ಟೆಯ ವಾಸನೆ ಬಂತು. ಬೆರಳಿಗೆ ಬೀಜ ಸಿಕ್ಕಿತು. ಇನ್ನೂ ಕಲ್ಲಿಗೆ ಅಂಟಿಕೊಂಡೇ ಇತ್ತು. ಎರಡು ಚಿಪ್ಪಿನ ನಡುವೆ ಕಪ್ಪು ಕೆಸರು. ಯಾರೂ ಕಿತ್ತಿರಲಿಲ್ಲ, ಯಾವ ಶಂಖದಹುಳುವೂ ಕೊರೆದಿರಲಿಲ್ಲ. ಉಸಿರು ಕಟ್ಟಿ ಸತ್ತದ್ದು.

ಪಾಠದ ಉತ್ತರ ಇಲ್ಲಿ ಅರ್ಧ ಮಾತ್ರ ಹೊಂದಿತು. ಮೇಲಿನ ಗಡಿ ಬಿಸಿಲಿನದ್ದು, ಸರಿ. ಕೆಳಗಿನ ಗಡಿ ಯಾವ ಜೀವಿಯದ್ದೂ ಅಲ್ಲ, ಮರಳಿನದ್ದು. ಗುಡಿಬಂಡೆಯ ಕಾಲು ಆಳದ ನೀರಿನಲ್ಲಿದೆ, ಮರಳು ಅಷ್ಟು ಎತ್ತರಕ್ಕೆ ಬರುವುದಿಲ್ಲ. ಹಾಗಾಗಿ ಅಲ್ಲಿ ಪಚ್ಚಿಲೆಗೆ ಜಾಗ ಇದೆ. ಅಳಿವೆಬಂಡೆಯಲ್ಲಿ ಬಿಸಿಲು ಮೇಲಿನಿಂದ, ಮರಳು ಕೆಳಗಿನಿಂದ ಒತ್ತಿ, ನಡುವೆ ಏನೂ ಉಳಿಯುವುದಿಲ್ಲ. ಇದು ಈ ಒಂದು ಬಂಡೆಯ ಮಾತು. ಎಲ್ಲ ಅಳಿವೆಯ ಬಂಡೆಗಳೂ ಹೀಗೇ ಅಂತ ಹೇಳಲು ನನ್ನ ಹತ್ತಿರ ಆಧಾರ ಇಲ್ಲ.

ಕೈರಂಪಣಿ, ಅಂದರೆ ದಡದಲ್ಲಿ ನಿಂತು ಎಳೆಯುವ ಮೀನಿನ ಬಲೆ, ಎಳೆಯುವ ಹಿರಿಯರೊಬ್ಬರಿಗೆ ಈ ಸಂಶೋಧನೆಯನ್ನು ಸ್ವಲ್ಪ ಜಂಬದಿಂದಲೇ ಹೇಳಿದೆ. ಅವರು ನಕ್ಕರು. "ಅದು ನಮ್ಗೆ ಗೊತ್ತಿಲ್ವಾ ಮಾರಾಯ್ರೆ? ಬಂಡೆ ಕಾಲು ಮುಚ್ಚಿದ ಮೇಲೆಯೇ ನಾವು ಅಲ್ಲಿ ಬಲೆ ಹಾಕುದು. ಮೊದ್ಲೇ ಹಾಕಿದ್ರೆ ಬಲೆ ಹರಿತದೆ. ತೌಕ್ತೆ ಬಂದ ವರ್ಷ ಮೇಯಲ್ಲೇ ಕಾಲು ಪೂರಾ ಹೊರಗೆ ಬಂದಿತ್ತು." 2021ರ ಆ ಚಂಡಮಾರುತದ ಹೊತ್ತಿಗೆ ನಾನೂ ಇದೇ ಜಿಲ್ಲೆಯಲ್ಲಿದ್ದೆ. ಬಂಡೆಯ ಕಾಲು ನೋಡಿರಲಿಲ್ಲ.

ಸಭೆ

ಎರಡನೇ ಫೆಬ್ರವರಿಯಲ್ಲಿ ಮಂಡಲದ ಸಭೆಗೆ ಹೋದೆವು. ನಾನು ಮಾತಾಡಿದರೆ ಪಾಠ ಆಗುತ್ತದೆ ಅಂತ ಆ ವಿದ್ಯಾರ್ಥಿನಿಯನ್ನೇ ಮಾತಾಡಲು ಬಿಟ್ಟೆ. ಅವಳು ಮೂರು ಫೋಟೋ ತೋರಿಸಿದಳು: ಸೆಪ್ಟೆಂಬರ್‌ನ ಬಂಡೆ, ಡಿಸೆಂಬರ್‌ನ ಬಂಡೆ, ಬಗೆದ ಹೊಂಡದಲ್ಲಿ ಸತ್ತ ಬೀಜ. ಆಮೇಲೆ ಕೇಳಿದಳು, "ಡಿಸೆಂಬರ್‌ಗೆ ಹೇಗೂ ಸಾಯುವ ಬೀಜವನ್ನು ಅಕ್ಟೋಬರ್‌ನಲ್ಲಿ ತೆಗೆದರೆ ನಷ್ಟ ಯಾರಿಗೆ?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಂಡಲದ ಅಧ್ಯಕ್ಷರು, "ಹಾಗಾದ್ರೆ ಕೀಳುದೇ ಒಳ್ಳೇದು ಅಂತೀರಾ?" ಎಂದು ನನ್ನ ಕಡೆ ತಿರುಗಿದರು. ಇಲ್ಲಿ ನಾನು ಬಾಯಿ ಬಿಡಬೇಕಾಯಿತು. ಅಳಿವೆಬಂಡೆಯಲ್ಲಿ ಬೀಜ ತೆಗೆಯುವುದರಿಂದ ಕಡಲಿಗೆ ನಷ್ಟ ಇಲ್ಲ. ಹಗ್ಗಕ್ಕೆ ಹೋದ ಬೀಜ ಐದಾರು ತಿಂಗಳಲ್ಲಿ ತಿನ್ನುವಷ್ಟು ದೊಡ್ಡದಾಗುತ್ತದೆ, ಮರಳಿನಡಿ ಇದ್ದದ್ದು ಆಗುವುದಿಲ್ಲ. ಆದರೆ ಗುಡಿಬಂಡೆಯ ಮಾತು ಬೇರೆ. ವರ್ಷ ದಾಟಿ ಬದುಕುವ, ಮಳೆಗಾಲದಲ್ಲಿ ಮರಿ ಬಿಡುವ ಪಚ್ಚಿಲೆ ಇರುವುದು ಅಂಥ ಕಡೆ. ಬೋರ್ಡ್ ಬೇಕೇ ಬೇಕು ಅಂತಿದ್ದರೆ ಅಲ್ಲಿಗೆ ಹಾಕಿ, ಅದೂ ಮಳೆಗಾಲಕ್ಕೆ ಮೊದಲಿನ ತಿಂಗಳುಗಳಿಗೆ. ಗುಡಿಬಂಡೆ ಪಕ್ಕದ ಊರಿನದ್ದು, ಇವರ ಕೈಯಲ್ಲಿಲ್ಲ. ಒಂದಿಬ್ಬರು ಎದ್ದು ಹೋದರು. ಒಂದು ವರ್ಷ ಕಾಯಿಸಿ ಬೋರ್ಡೂ ಇಲ್ಲ, ಪತ್ರವೂ ಇಲ್ಲ ಅಂದರೆ ಸಿಟ್ಟು ಬರುವುದೇ ಅಲ್ವಾ.

ನಾನು ಬರೆದುಕೊಟ್ಟ ಪತ್ರ ಕೊನೆಗೆ ಅರ್ಧ ಪುಟ. ಬೀಜ ಅಕ್ಟೋಬರ್‌ನಿಂದ ನವೆಂಬರ್ ನಡುವಿನವರೆಗೆ ತೆಗೆಯಲು ಅಡ್ಡಿ ಇಲ್ಲ, ಕೆರೆಯುವಾಗ ಮೇಲಿನ ಸಿಂಪಿ ಪಟ್ಟಿಗೆ ಕಬ್ಬಿಣ ತಾಗಿಸಬಾರದು, ಅಷ್ಟೇ. ಪಂಚಾಯತ್ ಅದನ್ನು ಏನು ಮಾಡಿತು ಎಂದು ನಾನು ವಿಚಾರಿಸಲಿಲ್ಲ. ಯಾರೂ ಬಂದು ಹೇಳಲೂ ಇಲ್ಲ.

ಈಗ ಹೊಸದಾಗಿ ಪ್ರಾಜೆಕ್ಟ್ ಶುರು ಮಾಡುವವರಿಗೆ ನಾನು ಮೊದಲ ದಿನ ಡ್ರಿಲ್ ಮೆಷಿನ್ ಕೊಡುತ್ತೇನೆ, ಚೌಕಟ್ಟು ಆಮೇಲೆ. ಬೋಲ್ಟ್ ಇಲ್ಲದ ಬಂಡೆಯ ಅಂಕಿಗಳನ್ನು ನೋಡುವುದಿಲ್ಲ. ಬಲೆ ಎಳೆಯುವವರನ್ನು ಮಾತಾಡಿಸದೆ ಬಂದವರನ್ನು ವಾಪಸ್ ಕಳಿಸುತ್ತೇನೆ. ಸ್ವಲ್ಪ ಜಾಸ್ತಿ ಆಯಿತು ಅಂತ ಸಹೋದ್ಯೋಗಿಗಳು ಹೇಳುತ್ತಾರೆ.

ಮೊದಲ ಸರ್ವೆಗೆ ಸರಿಯಾಗಿ ಎರಡು ವರ್ಷ ತುಂಬಿದ ಜನವರಿಯಲ್ಲಿ ಮತ್ತೆ ಹೋದೆ. ಅಳಿವೆಯ ಬಾಯಿ ಆ ಮಳೆಗಾಲದಲ್ಲಿ ಸ್ವಲ್ಪ ಸರಿದಿತ್ತು, ಮರಳು ಎಂದಿನಷ್ಟು ಏರಿರಲಿಲ್ಲ. ಬಂಡೆಯ ಕಾಲು ಒಂದು ಮೊಳ ಇನ್ನೂ ಹೊರಗಿತ್ತು. ಅದರಲ್ಲಿ ಹೆಬ್ಬೆರಳಿನಷ್ಟು ಉದ್ದದ ಪಚ್ಚಿಲೆ, ಬದುಕಿದ್ದವು, ನೀರು ತಾಗಿದರೆ ಬಾಯಿ ತೆರೆಯುತ್ತಿದ್ದವು. ಅಕ್ಕನೂ ಬಂದಿದ್ದರು. ನನ್ನ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ಬಗ್ಗಿ ನೋಡಿದರು.

"ಈ ಸಲ ನಿಲ್ತದಾ ಅಕ್ಕ?"

"ಶಿವರಾತ್ರಿ ಕಳೀಲಿ ಮಾಸ್ಟ್ರೇ. ಮರಳಿಗೆ ಇನ್ನೂ ಟೈಮ್ ಉಂಟು."